ಉತ್ತರದ ಕಡೆಯ ಪರದೆ

ರಾಜಘಟ್ಟದ ಆಚೆ, ನಮ್ಮ ಹೊಲದ ದಿಬ್ಬದ ಮೇಲೆ ಕೋಳಿ ಶೆಡ್ ಕಟ್ಟಿಸಿದಾಗ ಸುತ್ತಮುತ್ತ ಒಂದು ಮನೆಯೂ ಇರಲಿಲ್ಲ. ನನ್ನ ಗಂಡ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದರು. ಭಾವನವರಿಗೆ ರಾಗಿ, ತರಕಾರಿಯ ಕೆಲಸವೇ ಮುಗಿಯುತ್ತಿರಲಿಲ್ಲ. ಹಾಗಾಗಿ ಶೆಡ್ಡಿನ ಜವಾಬ್ದಾರಿ ನನಗೂ ನನ್ನ ವಾರಗಿತ್ತಿಗೂ ಬಂತು. ಅವಳನ್ನು ನಾನು ಮದುವೆಯಾಗಿ ಬಂದ ದಿನದಿಂದ ಅಕ್ಕ ಎಂದೇ ಕರೆಯುತ್ತಿದ್ದೆ.

ಮರಿಯನ್ನೂ ಮೇವನ್ನೂ ಕಂಪನಿಯವರು ಕೊಡುತ್ತಿದ್ದರು, ಸಾಕುವುದು ನಮ್ಮ ಕೆಲಸ. ಕೋಳಿ ಸಾಕುವುದೆಂದರೆ ಮೇವು ನೀರು ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಶೆಡ್ಡಿಗೆ ಇಳಿದ ಮೇಲೆ ಗೊತ್ತಾಯಿತು, ದಿನದ ಅರ್ಧ ಹೊತ್ತು ಗಾಳಿ ನೋಡಿಕೊಳ್ಳುವುದರಲ್ಲೇ ಹೋಗುತ್ತದೆ. ಉದ್ದದ ಎರಡೂ ಕಡೆ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಜಾಲರಿ, ಜಾಲರಿಗೆ ರಾಟೆಯಿಂದ ಎತ್ತಿ ಇಳಿಸುವ ಪರದೆ. ಮರಿ ಚಿಕ್ಕದಿದ್ದಾಗ ಮುಚ್ಚಿ ಬೆಚ್ಚಗಿಡಬೇಕು, ಬೆಳೆದ ಹಾಗೆ ತೆರೆಯುತ್ತಾ ಬರಬೇಕು. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಹಿಕ್ಕೆಯ ಜೊತೆ ಕಲೆತರೆ ಕಣ್ಣು ಉರಿಸುವ ಘಾಟು ಏಳುತ್ತದೆ. ಒಂದು ಕಡೆಯಿಂದ ಬಂದ ಗಾಳಿ ಅದನ್ನು ಇನ್ನೊಂದು ಕಡೆಯಿಂದ ಹೊರಗೆ ಒಯ್ಯಲೇಬೇಕು.

ಆ ಇನ್ನೊಂದು ಕಡೆ, ಅಂದರೆ ಉತ್ತರಕ್ಕೆ, ಲೇಔಟ್ ಆಯಿತು. ಮೊದಲು ಮನೆ ಕಟ್ಟಿ ಬಂದವರು ಮಗ್ಗದ ಕೆಲಸ ಬಿಟ್ಟಿದ್ದ ಒಬ್ಬ ಯಜಮಾನರು ಮತ್ತು ಅವರ ಹೆಂಡತಿ. ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಿದ್ದರು. ಆಮೇಲೆ ಒಂದು ಬೆಳಿಗ್ಗೆ ಯಜಮಾನರು ನಿಧಾನಕ್ಕೆ ದಿಬ್ಬ ಹತ್ತಿ ಬಂದು ಬೇಲಿಯ ಹತ್ತಿರ ನಿಂತರು.

“ಜಗಳಕ್ಕೆ ಬಂದಿಲ್ಲ ತಾಯಿ,” ಎಂದು ಉಸಿರು ಸುಧಾರಿಸಿಕೊಂಡರು. “ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೇಲೇ ಹುಟ್ಟಿ ಬೆಳ್ದವನು ನಾನು. ನೂಲಿನ ಧೂಳು ಕುಡಿದೂ ಕುಡಿದೂ ಎದೆ ಕೆಟ್ಟೋಗಿದೆ. ಒಳ್ಳೆ ಗಾಳಿ ಇರೋ ಕಡೆ ಹೋಗಿ ಅಂದ್ರು ಡಾಕ್ಟ್ರು, ಅದಕ್ಕೇ ಇಲ್ಲಿಗೆ ಬಂದ್ವಿ. ನಿಮ್ ಶೆಡ್ಡಿನ ಘಾಟು ನೆಟ್ಟಗೆ ನಾನು ಮಲಗೋ ರೂಮಿಗೇ ಬರ್ತದೆ.”

ಅಕ್ಕನ ತಾಯಿ ಉಬ್ಬಸದಲ್ಲಿ ನರಳಿ ಹೋದವರು. ನನ್ನ ಮುಖ ಕೂಡ ನೋಡದೆ ಅವಳು ಹೇಳಿಬಿಟ್ಟಳು: “ಆ ಕಡೆ ಪರದೆ ಮುಚ್ಚೇ ಇಡ್ತೀವಿ ಯಜಮಾನ್ರೇ. ನೀವು ಯೋಚ್ನೆ ಮಾಡ್ಬೇಡಿ.”

ಬಿಸಿಲು ಇರುವಷ್ಟು ದಿನ ಹೇಗೋ ನಡೆಯಿತು. ಹೊಟ್ಟು ಕೆದಕುತ್ತಿದ್ದೆವು, ಸುಣ್ಣ ಎರಚುತ್ತಿದ್ದೆವು, ಫ್ಯಾನು ಓಡಿಸುತ್ತಿದ್ದೆವು. ಆಷಾಢ ಬಂತು. ಬಿಟ್ಟೂ ಬಿಡದ ತುಂತುರು, ನೆಲದ ಹೊಟ್ಟು ಒಣಗಲೇ ಇಲ್ಲ. ಎರಚಲು ಬಡಿಯುತ್ತದೆಂದು ದಕ್ಷಿಣದ ಪರದೆಯನ್ನೂ ಅರ್ಧ ಎಳೆಯಬೇಕಾಯಿತು. ಫ್ಯಾನು ಹಾಕಿದರೆ ಅದೇ ಗಾಳಿ ಅಲ್ಲಲ್ಲೇ ಸುತ್ತುತ್ತಿತ್ತು. ನಿಂತವರಿಗೆ ಮೂಗು ಚುರುಚುರು ಎನ್ನುತ್ತಿತ್ತು ಅಷ್ಟೆ. ಒಂದು ದಿನ ನೀರಿನ ಪೈಪು ಸರಿಮಾಡಲು ನೆಲದ ಹತ್ತಿರ ಬಗ್ಗಿದೆ. ಕಣ್ಣು ಬಿಡಲಾಗಲಿಲ್ಲ, ಎದೆ ಹಿಡಿದುಕೊಂಡಿತು. ಕೋಳಿಗಳು ಹಗಲೂ ರಾತ್ರಿ ಉಸಿರಾಡುತ್ತಿದ್ದದ್ದು ಅಲ್ಲೇ.

ಎರಡು ದಿನದಲ್ಲಿ ಅವು ಕಣ್ಣು ಮುಚ್ಚಿ ಮೂಲೆ ಹಿಡಿದವು. ಕೆಲವು ರೆಕ್ಕೆಗೆ ಕಣ್ಣು ಉಜ್ಜುತ್ತಿದ್ದವು. ಬೆಳಗಿನ ಹೊತ್ತು ಮೊದಲು ಒಳಗೆ ಹೋಗುತ್ತಿದ್ದ ಅಕ್ಕನ ಕಣ್ಣುಗಳೂ ಕೆಂಪಾಗಿ ಊದಿಕೊಂಡಿದ್ದವು. ಕಂಪನಿಯ ಸೂಪರ್‌ವೈಸರ್ ಬಂದು ನೋಡಿ, “ಎರಡೂ ಕಡೆ ತೆಗೀಬೇಕಮ್ಮಾ. ಕಣ್ಣು ಹೋದ್ರೆ ಇವು ಮೇವು ಹುಡುಕ್ಕೊಂಡು ಹೋಗಲ್ಲ, ಕೂತಲ್ಲೇ ಸಾಯ್ತವೆ,” ಎಂದರು.

ಅವರು ಹೋದ ಮೇಲೆ ನಾನು ಉತ್ತರದ ರಾಟೆಗೆ ಕೈ ಹಾಕಿದೆ. ಅಕ್ಕ ಬಂದು ಕೈ ಹಿಡಿದುಕೊಂಡಳು.

“ಮಾತು ಕೊಟ್ಟಿದೀನಿ ಕಣೇ.”

“ಈ ಕೋಳಿಗೆ ಯಾರು ಮಾತು ಕೊಟ್ಟವ್ರೆ ಅಕ್ಕ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಹೋಗಿ ಕೇಳಿ ಬರುತ್ತೇನೆಂದು ಆ ಮನೆಗೆ ಹೋದಳು. ಹೋದಷ್ಟೇ ಬೇಗ ಬಂದಳು. “ಮೂಗಿಗೆ ಮೆಷಿನ್ ಇಟ್ಕೊಂಡು ಕೂತವ್ರೆ. ನನ್ ಕೈಲಿ ಕೇಳಕ್ಕಾಗ್ಲಿಲ್ಲ.” ಆ ದಿನ ಒಬ್ಬೊಬ್ಬರು ಶೆಡ್ಡಿನ ಒಂದೊಂದು ತುದಿಯಿಂದ ಸತ್ತ ಕೋಳಿಗಳನ್ನು ಆಯ್ದು ಗುಂಡಿಗೆ ಹಾಕಿದೆವು.

ಅವಳು ಬಂದು ಏನೂ ಹೇಳದೆ ಹೋದದ್ದು ಯಜಮಾನರಿಗೆ ಅನುಮಾನ ತಂದಿರಬೇಕು. ಮಾರನೆಯ ದಿನ ಹೆಂಡತಿಯ ಜೊತೆ ಅವರೇ ಬಂದರು. ಒಳಗೆ ಬರಬೇಡಿ ಎಂದು ನಾನು ಬಾಗಿಲಲ್ಲೇ ತಡೆದೆ. ಅಕ್ಕ ಒಂದು ಕೋಳಿಯನ್ನು ಎತ್ತಿ ತಂದು ತೋರಿಸಿದಳು. ಕಣ್ಣಿನ ಮೇಲೆ ಹಾಲಿನ ಪೊರೆ ಕಟ್ಟಿದ ಹಾಗಿತ್ತು. ಯಜಮಾನರು ಬೆರಳಿಂದ ಅದರ ತಲೆ ಮುಟ್ಟಿದರು. ಅದು ಬೆದರಲೂ ಇಲ್ಲ.

“ಮಗ್ಗದ ಮನೇಲೂ ಹಿಂಗೇ ಮುಚ್ಚೋರು,” ಎಂದರು. “ಗಾಳಿ ಆಡಿದ್ರೆ ಎಳೆ ಕಿತ್ತೋಗ್ತದೆ ಅಂತ ಕಿಟಕಿ ತೆಗೆಯೋಕೆ ಬಿಡ್ತಿರ್ಲಿಲ್ಲ.” ಕೋಳಿಯ ತಲೆಯಿಂದ ಬೆರಳು ತೆಗೆದರು. “ತೆಗೀರಿ ತಾಯಿ.”

ಅವರ ಹೆಂಡತಿ ಕೈ ಹಿಡಿದು ಅವರನ್ನು ದಿಬ್ಬ ಇಳಿಸಿದರು. ಅವರಿಬ್ಬರೂ ಮನೆ ಸೇರುವವರೆಗೆ ಕಾದು ನಾನು ರಾಟೆ ತಿರುಗಿಸಿದೆ. ಗಾಳಿ ಶೆಡ್ಡಿನ ಉದ್ದಕ್ಕೂ ಒಂದೇ ಸಲಕ್ಕೆ ಹಾಯಿತು. ಆ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಬಹಳಷ್ಟು ಕೋಳಿ ಉಳಿದವು. ಕಣ್ಣು ಪೂರ್ತಿ ಹೋದವು ಉಳಿಯಲಿಲ್ಲ. ಕಂಪನಿಯವರು ಆ ಬ್ಯಾಚಿನ ಕೋಳಿ ಒಯ್ಯುವ ಮೊದಲೇ ಯಜಮಾನರು ಮನೆಗೆ ಬೀಗ ಹಾಕಿ ದೊಡ್ಡಬಳ್ಳಾಪುರದ ಮಗಳ ಮನೆಗೆ ಹೋದರು. ನಾವು ಹಳೆ ಹೊಟ್ಟು ತೆಗೆಸಿ, ಸೋರುವ ಪೈಪು ಬದಲಾಯಿಸಿ, ಎರಚಲು ತಡೆಯಲು ಸೂರು ಮುಂದಕ್ಕೆ ಚಾಚಿಸಿ, ಬೇಲಿಯುದ್ದಕ್ಕೂ ಹೊಂಗೆ ಸಸಿ ನೆಟ್ಟೆವು. ಘಾಟು ಎಷ್ಟೋ ಕಡಿಮೆಯಾಯಿತು. ಅದನ್ನು ಹೇಳಿ ಅವರನ್ನು ಕರೆದುಕೊಂಡು ಬರಬೇಕೆಂದು ಅಕ್ಕ ಹಟ ಹಿಡಿದಳು.

ಮಗಳ ಮನೆ ಮಹಡಿಯ ಮೇಲೆ. ಕೆಳಗೆ ಮಗ್ಗಗಳು ಓಡುತ್ತಿದ್ದವು, ಕುಳಿತ ಚಾಪೆಯೂ ಅದುರುತ್ತಿತ್ತು. ಯಜಮಾನರು ಸೊರಗಿಹೋಗಿದ್ದರು. ಅಕ್ಕ ಹೊಂಗೆಯ ವಿಷಯ, ಸೂರಿನ ವಿಷಯ ಎಲ್ಲ ಹೇಳಿದಳು. ಸದ್ದಿನಲ್ಲಿ ಎಷ್ಟು ಕೇಳಿಸಿತೋ ತಿಳಿಯದು, ತಲೆಯಾಡಿಸುತ್ತಿದ್ದರು.

“ನೋಡೋಣ ತಾಯಿ, ಮಳೆಗಾಲ ಕಳೀಲಿ,” ಎಂದರು. ಆಮೇಲೆ, “ಆ ಕೋಳಿಗೆ ಕಣ್ಣು ಬಂತಾ?” ಎಂದು ಕೇಳಿದರು.

“ಬಂತು,” ಎಂದಳು ಅಕ್ಕ.

ಅದನ್ನು ನಾನೇ ಗುಂಡಿಗೆ ಹಾಕಿದ್ದೆ. ಅವರ ಹೆಂಡತಿ ಕಾಫಿ ತಂದು ಕೊಟ್ಟರು, ಕುಡಿದು ಎದ್ದೆವು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತಳು, ಊರು ಬರುವವರೆಗೂ ಹೊರಗೇ ನೋಡುತ್ತಿದ್ದಳು. ಮಳೆಗಾಲ ಕಳೆಯಿತು. ಅವರು ಬರಲಿಲ್ಲ.