ಕರೆಂಟ್ ಹೋದ್ರೆ?

ಅಂದು ಬೆಳಿಗ್ಗೆ ದೋಸೆಗೆ ಚಟ್ನಿ ರುಬ್ಬುತ್ತಿದ್ದೆ. ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಎಂದಿನಂತೆ ಚಪ್ಪಲಿ ಜೋಡಿಸಿಟ್ಟು ಒಳಗೆ ಬಂದು, "ಆಂಟಿ, ಒಂದ್ನಿಮಿಷ ಮೇನ್ ಸ್ವಿಚ್ ಆಫ್ ಮಾಡ್ಲಾ?" ಎಂದಳು.

ಆಸ್ಪತ್ರೆಗಳಿಂದ ಎಡೆಬಿಡದೆ ಬರುವ ರೋಗಿಗಳ ವಿವರವನ್ನು ಕಂಪ್ಯೂಟರಿನ ಡಿಸ್ಕಿಗೆ ಬರೆಯದೆ, ಅದರ ಮೆಮೊರಿಯಲ್ಲಿನ ಟೇಬಲ್ಲಿನಲ್ಲೇ, ಅಂದರೆ ಪಟ್ಟಿಯಲ್ಲೇ, ಇಡಬೇಕೆಂದು ಅವಳ ಬಾಸ್‌ಗೆ ಆಸೆ. ಪರೀಕ್ಷಿಸಿ ಹೇಳಬೇಕಾದವಳು ಇವಳು. "ಸ್ಪೀಡೇನೋ ಸಖತ್ತಾಗಿದೆ ಆಂಟಿ. ಕರೆಂಟ್ ಹೋದ್ರೆ?" ಎನ್ನುವುದು ಅವಳ ನಿತ್ಯದ ಪಲ್ಲವಿಯಾಗಿತ್ತು.

ಮಿಕ್ಸಿ ನಿಂತಿತು. ಸ್ವಿಚ್ ಮತ್ತೆ ಹಾಕಿ ತನ್ನ ಡೆಸ್ಕ್‌ಟಾಪ್ ಕಂಪ್ಯೂಟರ್ ನೋಡಲು ಮೇಲಕ್ಕೆ ಓಡಿದವಳು, ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಇಳಿದು ಬಂದಳು.

"ಟೇಬಲ್ ಇದೆ, ಪರೀಕ್ಷೆಗೆ ಅಂತ ತುಂಬಿದ್ದು ಒಂದು ಸಾಲೂ ಇಲ್ಲ. ಇದು ಬೇಡ ಅಂತ ರಿಪೋರ್ಟ್ ಬರೀತೀನಿ. ಬಾಸ್ ಬೈತಾರೆ."

"ಬೈಲಿ, ಮೊದ್ಲು ದೋಸೆ ತಿನ್ನು," ಎಂದೆ.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೇಳಿದರು: "ಬೆಳಿಗ್ಗೆ ನಿಮ್ಮನೇಲಿ ಮಾತ್ರ ಕರೆಂಟ್ ಹೋಗಿತ್ತಲ್ಲ. ಪಾಪ, ಆ ಹುಡುಗಿ ಕೆಲಸವೆಲ್ಲ ಹಾಳಾಯ್ತೇನೋ?"