ಬದುಕಿದ್ದವಳಿಗೆ ಎಡೆ ಇಟ್ಟೆ

ಭಾಗ್ಯ, ನಿನ್ನ ಹೆತ್ತವ್ವ ಸತ್ತಿಲ್ಲ. ಸತ್ತಳು ಅಂತ ನಿನಗೆ ಹೇಳಿದವಳು ನಾನು. ವರ್ಷಾ ವರ್ಷಾ ಪಿತೃಪಕ್ಷದಲ್ಲಿ ಅವಳ ಹೆಸರಿನಲ್ಲಿ ಸೀರೆ ಇಟ್ಟು, ಎಡೆ ಬಡಿಸಿ, ನಿನ್ನ ಕೈಲಿ ಅಡ್ಡ ಬೀಳಿಸುತ್ತಿದ್ದೆನಲ್ಲ — ಆಗೆಲ್ಲ ಅವಳು ಉಸಿರಾಡಿಕೊಂಡು ಇದ್ದಳು. ಈಗಲೂ ಇದ್ದಾಳೆ.

ಬಾಯಲ್ಲೇ ಹೇಳಬಹುದಿತ್ತು. ಆದರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿ ಕಾಫಿ ಇಡಕ್ಕೆ ಎದ್ದು ಹೋಗುತ್ತೇನೆ. ಅದಕ್ಕೇ ಬರೀತಾ ಇದ್ದೀನಿ. ನಾಲ್ಕನೇ ಕ್ಲಾಸಿನ ಕೈ, ತಪ್ಪಿದ್ದ ಕಡೆ ನೀನೇ ಸರಿ ಮಾಡಿಕೋ. ಪೂರ್ತಿ ಓದು. ಬೈಯೋದು ಆಮೇಲೆ.

ನಿನ್ನ ತಾಯಿ ಕೆಂಪಕ್ಕ, ನನ್ನ ಒಡಹುಟ್ಟಿದ ಅಕ್ಕ. ನೀನು ಇನ್ನೂ ತೊಟ್ಟಿಲಲ್ಲಿದ್ದೆ. ಒಂದು ದಿನ ಅವಳು ಒಲೆ ಮೇಲಿದ್ದ ಹಿಟ್ಟಿನ ಪಾತ್ರೆಯನ್ನ ಬರಿಗೈಲಿ ಇಳಿಸಿದಳಂತೆ. ಚರ್ಮ ಸುಟ್ಟು ವಾಸನೆ ಬಂದರೂ ಅತ್ತೆ ಜೊತೆ ಮಾತಾಡಿಕೊಂಡೇ ಇದ್ದಳಂತೆ. ಅತ್ತೆಗೆ ಅರ್ಥವಾಯಿತು. ಆ ವಾರವೇ ತಾಯಿ ಮಗು ಇಬ್ಬರನ್ನೂ ನಮ್ಮಪ್ಪನ ಮನೆ ಜಗಲಿ ಮೇಲೆ ಬಿಟ್ಟು ಹೋದರು. ಅಪ್ಪ ಅವಳನ್ನ ಪಾವಗಡದಾಚೆ, ಆಂಧ್ರದ ಗಡಿ ದಾಟಿದರೆ ಸಿಗುವ ಕುಷ್ಠರೋಗದ ಆಸ್ಪತ್ರೆಗೆ ಸೇರಿಸಿ ಬಂದ. ಒಂದು ತಿಂಗಳು ಬಿಟ್ಟು, ಕಾಮಾಲೆಯಾಗಿ ಹೋದಳು ಅಂತ ಊರಿಗೆಲ್ಲ ಹೇಳಿ ತಿಥಿಯನ್ನೂ ಮಾಡಿಬಿಟ್ಟ. ಸುಳ್ಳು ಅಪ್ಪನದು. ಅವನು ಹೋದ ಮೇಲೆ ಅದನ್ನ ಸಾಕಿದವಳು ನಾನು. ನಿನ್ನನ್ನೂ ನಾನೇ ಸಾಕಿದೆ.

ಓದಿಲ್ಲದ ಹೆಂಗಸು, ರೋಗ ಅಂಟುತ್ತೆ ಅಂತ ಹೆದರಿರಬೇಕು — ನೀನು ಹಾಗೆ ಅಂದುಕೊಳ್ಳಬಹುದು. ಅಂದುಕೊಳ್ಳಬೇಡ.

ನಿನಗೆ ಏಳೋ ಎಂಟೋ ವರ್ಷ. ನನ್ನ ಬೆನ್ನ ಮೇಲೆ, ತೊಡೆ ಮೇಲೆ ತಾಮ್ರದ ಬಣ್ಣದ ಮಚ್ಚೆ ಎದ್ದವು. ಚಿವುಟಿದರೆ ಗೊತ್ತಾಗುತ್ತಿರಲಿಲ್ಲ. ಮಧುಗಿರಿ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗುತ್ತಾರೆ ಅಂತ ತುಮಕೂರಿಗೆ ಹೋದೆ. ಕೊರಟಗೆರೆ ದಾಟೋ ತನಕ ಸೆರಗು ತಲೆ ಮೇಲಿಂದ ಇಳಿಸುತ್ತಿರಲಿಲ್ಲ. ಅಕ್ಕಪಕ್ಕದವರಿಗೆ, ಮಕ್ಕಳಾಗೋ ಔಷಧಿ ತರಕ್ಕೆ ಹೋಗ್ತೀನಿ ಅಂತಿದ್ದೆ. ಮಕ್ಕಳಿಲ್ಲದವಳ ಮಾತು, ಯಾರು ಕೆದಕುತ್ತಾರೆ. ಮಾತ್ರೆಗೆ ಮೈ ಕಪ್ಪಾಯಿತು, ಬಿಸಿಲು ಅಂದೆ. ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು — ಮಾತ್ರೆ ತಗೊಂಡವರಿಂದ ಯಾರಿಗೂ ಅಂಟೋದಿಲ್ಲ, ಮಗೂನ ಪಕ್ಕದಲ್ಲೇ ಮಲಗಿಸಿಕೋ ಅಂತ. ಮಲಗಿಸಿಕೊಂಡೆ. ವಾಸಿಯೂ ಆಯಿತು. ಆ ರೋಗದ ವಿಷಯ ನಮ್ಮ ಬೀದಿಯಲ್ಲಿ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ.

ಈಗ, ನನಗೆ ವಾಸಿಯಾದ ಮೇಲೆ ಬಂದ ಪಿತೃಪಕ್ಷದ ದಿನದ್ದು ಹೇಳುತ್ತೇನೆ.

ಎಡೆ ಇಟ್ಟ ಮೇಲೆ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದೆವು. ನಾನು, ನನ್ನ ಗಂಡ ಅಂದರೆ ನಿನ್ನ ಚಿಕ್ಕಪ್ಪ, ನೀನು. ನೀನು ಬಾಗಿಲಿಗೆ ಕಿವಿ ಹಚ್ಚಿದ್ದೆ. ಅಷ್ಟರಲ್ಲಿ ಬೀದಿ ಆ ತುದಿಯಿಂದ ಒಬ್ಬ ಹೆಂಗಸು ಬಂದಳು. ಒಗೆದ ಸೀರೆ, ಕಂಕುಳಲ್ಲಿ ಚೀಲ. ಬಲಗೈಯನ್ನ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನಡಿಗೆಯಲ್ಲೇ ಗುರುತು ಹಿಡಿದೆ. ನನ್ನ ಗಂಡನೂ ಹಿಡಿದ. ಅವನು ನನ್ನ ಮುಖ ನೋಡಿದ, ನಾನು ನೋಡಲಿಲ್ಲ.

ಕೆಂಪಕ್ಕ ಬಂದು ನಮ್ಮ ಕಲ್ಲುಚಪ್ಪಡಿ ಹತ್ತಿರ ನಿಂತಳು. ನಕ್ಕಳು. ಬಾಯಿ ತೆರೆಯೋ ಮೊದಲೇ ನಾನು ಅಂದೆ —

"ಮುಂದಕ್ಕೋಗಮ್ಮ. ಹಿರಿಯರ ಎಡೆ ಇಟ್ಟಿವ್ನಿ, ಇನ್ನೂ ಎತ್ತಿಲ್ಲ."

ಬೇಡಿಕೊಂಡು ಬರುವವರಿಗೆ ಹೇಳುವ ಮಾತು. ಅದನ್ನ ಒಡಹುಟ್ಟಿದವಳ ಮುಖ ನೋಡಿಕೊಂಡು ಹೇಳಿದೆ.

"ಯಾರವ್ವ ಅದು?" ಅಂತ ನೀನು ಕೇಳಿದೆ.

"ಬೇಡೋಳು ಕಣಮ್ಮ."

ಅವಳ ನಗು ಹಾಗೇ ಇತ್ತು, ಇಳಿಸೋದು ಮರೆತವಳ ಥರ. ನಿನ್ನನ್ನ ನೋಡಿದಳು — ಎಷ್ಟು ಹೊತ್ತು ನೋಡಿದಳೋ. ಆಮೇಲೆ, "ಎಡೆ ಯಾರ್ಗವ್ವ?" ಅಂದಳು.

ನೀನು ಹೇಳಿದೆ: "ನಮ್ಮಮ್ಮಂಗೆ. ಸತ್ತೋಗವ್ಳೆ. ಪಾಯಸ ಅಂದ್ರೆ ಇಷ್ಟ ಅಂತೆ, ಒಳ್ಗೆ ಉಣ್ತಾವ್ಳೆ."

ಕೂಗಿ ಹೇಳಬಹುದಿತ್ತು ಅವಳು. ನಾನು ಕಾಯುತ್ತಿದ್ದೆ. ಬೆನ್ನ ಮೇಲೆ ಬೆವರು ಇಳಿಯೋದು ಗೊತ್ತಾಗುತ್ತಿತ್ತು — ಮಚ್ಚೆ ಇದ್ದ ಜಾಗದಲ್ಲೂ. ಅವಳು ಕೂಗಲಿಲ್ಲ.

"ಉಂಡ್ಳು ಬುಡು ಮಗಾ," ಅಂದಳು. "ಬಾಗ್ಲು ತೆಗೀರಿ."

ತಿರುಗಿ ಬಸ್‌ಸ್ಟ್ಯಾಂಡ್ ಕಡೆ ಹೋದಳು. ನೀನು ಒಳಗೆ ಓಡಿ, ಪಾಯಸ ಕಮ್ಮಿಯಾಗಿದೆ ಅವ್ವ, ನಿಜವಾಗ್ಲೂ ಕಮ್ಮಿಯಾಗಿದೆ ಅಂತ ಕುಣಿದೆ. ನಿನ್ನ ಚಿಕ್ಕಪ್ಪ ಅವತ್ತು ಉಣ್ಣಲಿಲ್ಲ. "ಅವ್ಳನ್ನ ಕರಿಯೇ, ಇನ್ನೂ ಬಸ್ ಬಂದಿರಲ್ಲ," ಅಂತ ಎರಡು ಸಲ ಅಂದ. ನಾನು ಎಲೆ ಎತ್ತುತ್ತಾ ಇದ್ದೆ.

ಯಾಕೆ ಅಂದರೆ — ರೋಗಕ್ಕಲ್ಲ, ಮರ್ಯಾದೆಗೂ ಅಲ್ಲ. ಅವಳನ್ನ ಒಳಗೆ ಕರೆದಿದ್ದರೆ ನೀನು ಅವಳ ಮಡಿಲಿಗೆ ಹೋಗುತ್ತಿದ್ದೆ. ಅವತ್ತು ನೀನು ನನ್ನನ್ನ ಅವ್ವ ಅಂತಿದ್ದೆ. ಹೊಟ್ಟೆಯಲ್ಲಿ ಹುಟ್ಟದ ಒಂದೇ ಒಂದು ಮಗು ನನ್ನನ್ನ ಅವ್ವ ಅಂತಿತ್ತು. ಅಷ್ಟಕ್ಕೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಇಷ್ಟು ವರ್ಷ ಹುಡುಕಿದೆ, ಸಿಗಲಿಲ್ಲ.

ಹೋದ ತಿಂಗಳು ನಿನ್ನ ಮಗಳು ಸಿಂಚನ ರಜಕ್ಕೆ ಬಂದಿದ್ದಾಗ ನನ್ನ ಪಕ್ಕ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದಳು.

"ಅಜ್ಜಿ, ಇಲ್ನೋಡು. ಜಪಾನ್. ಕುಷ್ಠರೋಗದವ್ರನ್ನ ತಗೊಂಡೋಗಿ ಸಮುದ್ರದ ಮಧ್ಯೆ ದ್ವೀಪದಲ್ಲಿ ಇಟ್ಬಿಡ್ತಿದ್ರಂತೆ. ವಾಸಿಯಾದ್ರೂ ಬಿಡ್ತಿರ್ಲಿಲ್ವಂತೆ, ಕಾನೂನೇ ಇತ್ತಂತೆ."

"ಓದೋದು ಬುಟ್ಟು ಇದನ್ನ ನೋಡ್ತಾ ಕೂತಿದ್ದೀಯಾ?"

"ನರ್ಸಿಂಗಲ್ಲಿ ಇದೇ ನಮ್ ಪಾಠ ಕಣಜ್ಜಿ. ಕೇಳಿಲ್ಲಿ. ಮನೆಯವ್ರಿಗೆ ಕೆಟ್ಟ ಹೆಸರು ಬರ್ಬಾರ್ದು ಅಂತ ಅಲ್ಲಿ ಬೇರೆ ಹೆಸರು ಇಟ್ಕೋತಿದ್ರಂತೆ. ಸತ್ರೆ ಮೂಳೆ ಒಯ್ಯೋಕೂ ಎಷ್ಟೋ ಮನೆಯೋರು ಬರ್ಲಿಲ್ಲ. ಎಲ್ಲಾನೂ ಅಲ್ಲೇ ಒಂದು ಗುಡೀಲಿ ಜೋಡಿಸಿಟ್ಟವ್ರೆ. ಎಂಥಾ ಜನ ಅಲ್ವಾ?"

ನಾನು ಹೂಂ ಅಂದೆ. ಅಲ್ಲಿಯವರಿಗೆ ಸುತ್ತ ಸಮುದ್ರವಿತ್ತು, ಕಾನೂನಿತ್ತು. ನನಗೆ ಪಾವಗಡಕ್ಕೆ ದಿನಾ ಬಸ್ಸಿತ್ತು.

ಮಾರನೇ ವಾರ ಕಣ್ಣು ತೋರಿಸಿಕೊಂಡು ಬರ್ತೀನಿ ಅಂತ ನಿನಗೆ ಹೇಳಿ ಹೋದೆನಲ್ಲ, ಹೋಗಿದ್ದು ಅಕ್ಕನನ್ನ ಸೇರಿಸಿದ್ದ ಆಸ್ಪತ್ರೆಗೆ. ಇದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಗೇಟು ತೆರೆದೇ ಇತ್ತು. ವರಾಂಡದಲ್ಲಿ ಮಂಚದ ಮೇಲೆ ಕೂತಿದ್ದಳು. ಎರಡು ಕೈಲೂ ಬೆರಳು ಉಳಿದಿಲ್ಲ, ಪಾದ ನೆಟ್ಟಗಿಲ್ಲ. ಕಣ್ಣು ಮಾತ್ರ ಚುರುಕು. ಮಾತಿಗೆ ತೆಲುಗು ಸೇರಿಕೊಂಡಿತ್ತು.

"ಏಮೇ ರತ್ನಿ, ದಾರಿ ತಪ್ಪಿ ಬಂದ್ಯಾ?"

"ನಿನ್ನನ್ನೇ ನೋಡಕ್ಕೆ ಬಂದೆ ಅಕ್ಕ."

"ನೋಡು ಮತ್ತೆ. ಟಿಕೀಟೇನೂ ಇಲ್ಲ."

ಅವಳ ಮಂಚದ ತುದಿಯಲ್ಲಿ ಕೂತೆ. "ಮಗು ಹೆಂಗೈತೆ?" ಅಂದಳು. ನಿನ್ನ ಕೂದಲು ನೆರೆತಿದೆ, ನಿನಗೆ ಮದುವೆಗೆ ಬಂದ ಮಗಳಿದ್ದಾಳೆ ಅಂತ ಹೇಳಿದೆ. ಅವಳು ಮೊಣಕೈಯಿಂದ ಮುಖ ಒರೆಸಿಕೊಂಡಳು.

"ತಪ್ಪಾಯ್ತಕ್ಕ," ಅಂದೆ.

"ನಂಗ್ಯಾಕೆ ಹೇಳ್ತೀಯ? ನಂಗೊತ್ತಲ್ಲ. ಗೊತ್ತಿಲ್ದೋಳಿಗೆ ಹೋಗಿ ಹೇಳೇ."

ಹೊರಡುವಾಗ ಅಲ್ಲಿನ ನರ್ಸಮ್ಮ ನನ್ನನ್ನ ಪಕ್ಕಕ್ಕೆ ಕರೆದು, ಅಜ್ಜಿ ಹೃದಯ ಸೋತಿದೆ, ಬರೋರಿದ್ದರೆ ಬೇಗ ಬರಲಿ ಅಂದಳು. ಅಂದು ಇಪ್ಪತ್ತು ದಿನ ಆಯಿತು. ಇಪ್ಪತ್ತು ದಿನವೂ ನಿನ್ನ ಕೈ ಅಡುಗೆ ಉಂಡುಕೊಂಡು ಸುಮ್ಮನಿದ್ದೆ ಅನ್ನೋದನ್ನೂ ಬರೆದುಬಿಡುತ್ತೇನೆ, ಅದೊಂದು ಯಾಕೆ ಉಳಿಯಬೇಕು.

ನಿನ್ನ ಗಂಡನಿಗೆ, ಸಿಂಚನಳಿಗೆ ನಾನೇ ಹೇಳುತ್ತೇನೆ, ನನ್ನ ಬೆನ್ನಿನದೂ ಸೇರಿಸಿ. ಆ ಭಾರ ನಿನಗೆ ಬೇಡ. ನೀನು ಹೊರಡು. ಗೇಟಿನಲ್ಲಿ ಕೆಂಪಕ್ಕ ಅಂದರೆ ಸಾಕು, ತೋರಿಸುತ್ತಾರೆ. ನಾನು ಜೊತೆಗೆ ಬರಬೇಕೋ ಬೇಡವೋ ನಿನ್ನಿಷ್ಟ. ಬೇಡ ಅಂದರೆ ಮುಖ ಊದಿಸಿಕೊಳ್ಳುವುದಿಲ್ಲ.

ಅವ್ವ ಅಂತ ಕರೆಯೋದಿದ್ದರೆ ಅಲ್ಲಿ ಹೋಗಿ ಕರಿ, ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತೆ. ವಾಪಸ್ಸು ಬಂದು ನನ್ನನ್ನ ಚಿಕ್ಕವ್ವ ಅಂದರೆ — ನಾನು ಅದೇ ತಾನೇ — ಓ ಅನ್ನುತ್ತೇನೆ.