ಅಕ್ಕ ಹೇಳಿಯೇ ಹೋಗಿದ್ದರು

ಪಾಳಿ ಮುಗಿಸಿ ಹೊರಗೆ ಬರುವಾಗ ಅಕ್ಕನ ಹುಬ್ಬುಗಳು ಬೆಳ್ಳಗಿರುತ್ತಿದ್ದವು. ಹತ್ತಿಯ ಧೂಳು ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಕಿವಿಯ ಹತ್ತಿರದ ಸಣ್ಣ ಕೂದಲಿನ ಮೇಲೆಲ್ಲ ಕೂತು, ನಲವತ್ತೈದರ ಹೆಂಗಸು ಎಪ್ಪತ್ತರ ಮುದುಕಿಯಂತೆ ಕಾಣುತ್ತಿದ್ದರು. ಗೇಟಿನ ಪಕ್ಕದ ನಲ್ಲಿಯಲ್ಲಿ ಎರಡು ಬೊಗಸೆ ನೀರು ಎರಚಿಕೊಂಡು ಸೆರಗಿನಿಂದ ಒರೆಸಿಕೊಂಡರೆ ಮತ್ತೆ ಮೊದಲಿನ ಅಕ್ಕ. ಟೈಮ್ ಆಫೀಸಿನ ಕಿಟಕಿಯ ಹಿಂದೆ ಕೂತು ಇದನ್ನು ನಾನು ದಿನವೂ ನೋಡುತ್ತಿದ್ದೆ.

ಶ್ರೀರಂಗಪಟ್ಟಣದಿಂದ ತುಸು ದೂರದಲ್ಲಿದ್ದ ಆ ನೂಲಿನ ಗಿರಣಿ ದೊಡ್ಡದೇನಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಂದವರ, ಹೋದವರ ಹೊತ್ತು ಬರೆದುಕೊಳ್ಳುವ ಗುಮಾಸ್ತ ನಾನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಾಬಿನ್ನಿನ ನೂಲನ್ನು ದೊಡ್ಡ ಕೋನಿಗೆ ಸುತ್ತುವ ವಿಭಾಗದಲ್ಲಿ ಅಕ್ಕನಿಗೆ ಹನ್ನೊಂದು ವರ್ಷದ ಸರ್ವೀಸಾಗಿತ್ತು. ಕ್ಯಾತನಹಳ್ಳಿಯವರು, ಗಂಡ ಕಬ್ಬು ಬೆಳೆಯುತ್ತಿದ್ದರು. ಮ್ಯಾನೇಜರರನ್ನು ಬಿಟ್ಟರೆ ಗಿರಣಿಯ ಎಲ್ಲರಿಗೂ ಅವರು ಅಕ್ಕನೇ.

ಯಂತ್ರಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವರ ದನಿ ಏರಿದ್ದು ಇಳಿಯುವುದನ್ನೇ ಮರೆತಿತ್ತು. ಪಾಂಡವಪುರದ ಬಸ್ಸಿನಲ್ಲಿ ಪಕ್ಕದವರ ಕಿವಿಯಲ್ಲಿ ಹೇಳಿದ ಗುಟ್ಟು ಡ್ರೈವರಿಗೂ ಕೇಳುತ್ತಿತ್ತು. ಆಲೆಮನೆ ಶುರುವಾದ ದಿನಗಳಲ್ಲಿ ಅಚ್ಚುಬೆಲ್ಲ ತಂದು, ಊಟದ ಹೊತ್ತಿಗೆ ಕುಟ್ಟಿ, ಎಲ್ಲರಿಗೂ ಒಂದೊಂದು ಚೂರು ಕೊಡುತ್ತಿದ್ದರು. ನನ್ನ ಕಿಟಕಿಗೂ ಬರುತ್ತಿತ್ತು. "ತಗಾ ತಮ್ಮ, ಬರೀ ಅಂಕಿ ಬರ್ದು ಬರ್ದು ಬಾಯಿ ಸಪ್ಪೆ ಆಗೋಗಿರ್ತದೆ." ಹೊಸ ಹುಡುಗಿಯರು ನೂಲು ಕಿತ್ತುಹೋಗಿ, ಮೇಸ್ತ್ರಿ ಬೈದು, ಕಣ್ಣೀರು ಹಾಕಿದರೆ, "ಎಳೆ ಕಿತ್ತೋದ್ರೆ ಗಂಟಾಕವ್ವ. ಅಳ್ತಾ ನಿಂತ್ರೆ ಅದೇ ಬಂದು ಕೂಡ್ಕಂಡದಾ?" ಎನ್ನುತ್ತ ಒಂದೇ ಕೈಯಲ್ಲಿ, ನೋಡದೆಯೇ, ಗಂಟು ಹಾಕಿ ತೋರಿಸುತ್ತಿದ್ದರು.

ಬಿಂಡಿಗನವಿಲೆ ಕಡೆಯ ಹುಡುಗಿಯೊಬ್ಬಳು ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಅವಳ ಬಲಗೈ ಯಂತ್ರದ ಬೆಲ್ಟಿಗೆ ಸಿಕ್ಕಿಕೊಂಡಿತು. ಬೆಲ್ಟನ್ನು ಮುಚ್ಚಬೇಕಾಗಿದ್ದ ಕಬ್ಬಿಣದ ಮುಚ್ಚಳವನ್ನು ಬಿಚ್ಚಿಟ್ಟು ಬಹಳ ದಿನವಾಗಿತ್ತು. ಅಕ್ಕ ಯಂತ್ರ ನಿಲ್ಲಿಸಿ, ತಮ್ಮ ಸೆರಗನ್ನೇ ಹರಿದು ಅವಳ ಕೈಗೆ ಸುತ್ತಿ, ತಬ್ಬಿಕೊಂಡೇ ಗೇಟಿಗೆ ಬಂದರು. ಹೊರಗೆ ಹೋಗಲು ಸೂಪರ್‌ವೈಸರ್ ಸಹಿ ಮಾಡಿದ ಚೀಟಿ ಬೇಕು. ಸೂಪರ್‌ವೈಸರ್ ಎಲ್ಲೂ ಕಾಣಲಿಲ್ಲ.

"ಚೀಟಿ ಬರ್ಕೊಟ್ಟೀಯಾ ತಮ್ಮ, ಇಲ್ಲ ಅಂಗೇ ಓಗ್ಲಾ? ರಕ್ತ ನಿಲ್ತಾನೇ ಇಲ್ಲ ಕಣಪ್ಪ."

"ನೀವು ಹೋಗಿ ಅಕ್ಕ, ನಾನು ಬರ್ಕೊಳ್ತೀನಿ," ಎಂದೆ. ಗೇಟಿನ ಪುಸ್ತಕದಲ್ಲಿ ಬರೆದುಕೊಂಡೆ ಕೂಡ: ಹೊತ್ತು, ಇಬ್ಬರ ಹೆಸರು, ಹೊರಗೆ ಹೋದ ಕಾರಣ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ ಅಕ್ಕ ಮುಚ್ಚಳದ ವಿಷಯವನ್ನೂ ಹೇಳಿದರು. ಡಾಕ್ಟರು ಅದನ್ನು ಬರೆದುಕೊಂಡರು. ಸುದ್ದಿ ಮ್ಯಾನೇಜರರಿಗೆ ಮುಟ್ಟಿತು. ಎರಡೇ ದಿನದಲ್ಲಿ ಅಕ್ಕನಿಗೆ ನೋಟೀಸು ಬಂತು. ಯಾರಿಗೂ ಹೇಳದೆ ಯಂತ್ರ ನಿಲ್ಲಿಸಿ, ಕೆಲಸ ಬಿಟ್ಟು ಹೊರಗೆ ಹೋದರು ಎಂಬುದು ಅವರ ಮೇಲಿನ ಆರೋಪ.

ಅದೇ ಸಂಜೆ ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಗೇಟಿನ ಪುಸ್ತಕ ಮೇಜಿನ ಮೇಲಿತ್ತು. ಆ ದಿನದಿಂದ ಈಚಿನ ಹಾಳೆಗಳನ್ನು ನನ್ನೆದುರೇ ಹರಿದರು. "ಹೊಸದಾಗಿ ಬರಿ. ಆ ಹೆಂಗಸು ನಿನ್ನ ಹತ್ರ ಬರಲೇ ಇಲ್ಲ," ಎಂದರು. ನಾನು ಪೆನ್ನು ಎತ್ತಲಿಲ್ಲ. "ಕಾಯಂ ಮಾಡೋರ ಪಟ್ಟಿ ಮುಂದಿನ ತಿಂಗಳು ಹೋಗ್ಬೇಕು. ಗೊತ್ತಲ್ಲ?" ಹೆಂಡತಿಗೆ ಆಗ ಏಳು ತಿಂಗಳು. ಕೂತು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಕೈಗೆ ಪೆಟ್ಟಾದ ಹುಡುಗಿ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಗಿರಣಿಯೊಳಗೇ ವಿಚಾರಣೆ ನಡೆಯಿತು. ಗಿರಣಿಯವರೇ ಕರೆಸಿದ್ದ ವಕೀಲರೊಬ್ಬರು ವಿಚಾರಣಾಧಿಕಾರಿ. ಅಕ್ಕ ನಿಮಗೆ ಹೇಳಿ ಹೋದರೇ ಎಂದು ಕೇಳಿದರು. ಇಲ್ಲ ಎಂದೆ. ಈ ಸಾಕ್ಷಿಯನ್ನು ಏನಾದರೂ ಕೇಳುವುದಿದೆಯೇ ಎಂದು ಅಕ್ಕನ ಕಡೆ ತಿರುಗಿದರು.

"ಕೇಳಾದೇನೈತೆ ಸ್ವಾಮಿ? ಅವನಿಗೇ ಗೊತ್ತದೆ."

ವಾರದಲ್ಲಿ ಅಕ್ಕನನ್ನು ಕೆಲಸದಿಂದ ವಜಾ ಮಾಡಿದರು. ನಾನು ಕಾಯಂ ಆದೆ. ಮಗಳು ಹುಟ್ಟಿದಳು. ಮುಂದಿನ ಆಲೆಮನೆ ಕಾಲದಲ್ಲಿ ನನ್ನ ಕಿಟಕಿಗೆ ಯಾರೂ ಬೆಲ್ಲ ತರಲಿಲ್ಲ.

ಅಕ್ಕ ಮೈಸೂರಿನ ಕಾರ್ಮಿಕ ನ್ಯಾಯಾಲಯದಲ್ಲಿ ಕೇಸು ಹಾಕಿದರು. ಎರಡು ವರ್ಷಕ್ಕೂ ಮೇಲೆ ವಾಯಿದೆಯಿಂದ ವಾಯಿದೆಗೆ ಹೋಗಿ ಬಂದರು. ಅವರ ಬಸ್ಸು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಕಿಟಕಿ ಪಕ್ಕ ಕೂತ ಅವರ ಮುಖವನ್ನು ನಾನು ಎಷ್ಟೋ ಸಲ ಕಂಡೆ. ಅವರು ಗಿರಣಿಯ ಕಡೆ ತಿರುಗಿದ್ದನ್ನು ಕಾಣಲಿಲ್ಲ. ಕಬ್ಬು ನೋಡಿಕೊಂಡು ಮನೆಯಲ್ಲಿರಬಾರದೇ ಎಂದು ಗಂಡ ಕೇಳಿದರಂತೆ. ಅದಕ್ಕೆ ಅಕ್ಕ, "ಕೆಲ್ಸ ಓದ್ರೆ ಓಗ್ಲಿ ಅನ್ಬೌದು. ಯೋಳ್ದೆ ಕೇಳ್ದೆ ಓಡೋದ್ಲು ಅಂತ ಬರ್ದವ್ರಲ್ಲ, ಅದ ಅಳಿಸ್ದೆ ಬುಡಾಕಿಲ್ಲ," ಅಂದರೆಂದು ಅವರೂರಿನ ಹೆಂಗಸೊಬ್ಬರು ನನಗೆ ಹೇಳಿದರು. ಬರೆದವನು ನಾನೆಂದು ಆಕೆಗೆ ತಿಳಿದಿರಲಿಲ್ಲ.

ಗಿರಣಿಯ ಪರ ಸಾಕ್ಷಿ ಹೇಳಲು ನನಗೆ ಕರೆ ಬಂತು. ಹಿಂದಿನ ದಿನ ಸಂಜೆ ಗಂಜಾಮಿನ ನಮ್ಮ ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಸ್ವಲ್ಪ ಸೊರಗಿದ್ದರು. ನನ್ನ ಹೆಂಡತಿ ಚಾಪೆ ಹಾಸಿದಳು. ಅಕ್ಕ ಮಗುವನ್ನು ಎತ್ತಿಕೊಂಡು, ಅದರ ಕೆನ್ನೆ ಮುಟ್ಟಿ, ಆಮೇಲೆ ನನ್ನ ಕಡೆ ನೋಡಿದರು.

"ನಿನ್ನ ಬಯ್ಯಕ್ ಬಂದಿಲ್ಲ ತಮ್ಮ. ನನ್ ಪರವಾಗಿ ಯೋಳು ಅಂತ ಕೇಳಾಕೂ ಬಂದಿಲ್ಲ. ನಮ್ ವಕೀಲ್ರು ಬಲು ಬಾಯಿಯೋರು. ನಾಳೆ ನಿನ್ನ ಎಲ್ಲಾರ ಮುಂದೆ ಸುಳ್ಳ ಗಿಳ್ಳ ಅಂತ ಕೇಳ್ಬುಟ್ಟಾರು. ಬ್ಯಾಡಿ, ಅವನು ಅಂತೋನಲ್ಲ ಅಂದಿವ್ನಿ. ಆದ್ರೂ ಕೇಳುದ್ರೆ ಮನಸ್ಗಾಕ್ಕೋಬ್ಯಾಡ. ಅದ ಯೋಳೋಗಾನ ಅಂತ ಬಂದೆ."

ಕಾಫಿ ಕುಡಿದು, ಕತ್ತಲಾಗುವ ಮೊದಲೇ ಬಸ್ಸು ಹಿಡಿಯಬೇಕೆಂದು ಹೊರಟರು. ಹೆಂಡತಿ ಒಂದೇ ಮಾತು ಕೇಳಿದಳು: "ಅವರು ನಿಮಗೆ ಹೇಳಿ ಹೋಗಿದ್ದರಾ?" ಹೂಂ ಎಂದೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಕಟಕಟೆಯಲ್ಲಿ ನಿಂತಾಗ ಅಕ್ಕನ ವಕೀಲರು ಬಾಯಿ ಮಾಡಬೇಕಾಗಿಯೇ ಬರಲಿಲ್ಲ. ಗಿರಣಿಯ ವಕೀಲರ ಮೊದಲ ಪ್ರಶ್ನೆಗೇ ನಾನು ಹೇಳಿಬಿಟ್ಟೆ: "ಅವರು ಹೇಳಿಯೇ ಹೋದರು. ಹೋಗಿ ಅಂದವನು ನಾನು. ಬರೆದೂ ಇದ್ದೆ. ಮ್ಯಾನೇಜರು ಆ ಹಾಳೆ ಹರಿದರು. ಸುಳ್ಳು ಹಾಳೆ ಬರೆದದ್ದೂ ನಾನೇ." ಹಿಂದಿನ ಬೆಂಚಿನಿಂದ ಅಕ್ಕ, "ಅಯ್ಯೋ, ಅವನ ಕೆಲ್ಸ ಓಯ್ತಲ್ಲಾ!" ಎಂದದ್ದು ಇಡೀ ಕೋಣೆಗೆ ಕೇಳಿತು. "ಮೆಲ್ಲಗೆ ಮಾತಾಡಮ್ಮ, ಇಲ್ಲಿ ಮಿಷನ್ನಿಲ್ಲ," ಎಂದರು ನ್ಯಾಯಾಧೀಶರು.

ಹೊರಗೆ ಬಂದು ಮರದ ಕೆಳಗಿನ ಕಲ್ಲಿನ ಮೇಲೆ ಕೂತೆ. ಅಕ್ಕ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿ ಕೈಗಿಟ್ಟರು. "ಅಕ್ಕ, ನಾನು..." ಎಂದು ಶುರು ಮಾಡಿದೆ. "ಮೊದ್ಲು ಉಣ್ಣು," ಎಂದರು. ಉಂಡೆ. ಆಮೇಲೆ ಅವರ ಬಸ್ಸಿಗೆ ಹೊತ್ತಾಗಿತ್ತು.

ತಿಂಗಳೊಳಗೆ ಗಿರಣಿಯವರು ನನ್ನನ್ನು ತೆಗೆದರು. "ಕೇಸಾಕು ಅನ್ನಿ. ಅವನ ಸಾಕ್ಷಿಗೆ ನಾನು ಬತ್ತೀನಿ," ಎಂದು ಅಕ್ಕ ಹೇಳಿ ಕಳಿಸಿದರು. ಅವರಷ್ಟು ಗಟ್ಟಿ ಎದೆ ನನಗಿರಲಿಲ್ಲ. ಕೆ.ಆರ್. ಪೇಟೆಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿ, ಸಂಸಾರವನ್ನೂ ಅಲ್ಲಿಗೇ ಸಾಗಿಸಿದೆ.

ಅಕ್ಕ ಗೆದ್ದರು. ಹಳೆಯ ಸರ್ವೀಸು ಉಳಿಸಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ತೀರ್ಪಾಯಿತು. ಅವರು ಆ ಗೇಟಿನೊಳಗೆ ಮತ್ತೆ ಕಾಲಿಟ್ಟ ದಿನ ಕಿಟಕಿಯ ಹಿಂದೆ ನಾನಿರಬೇಕಿತ್ತು. ಇದ್ದವನು ಯಾರೋ ಹೊಸಬ. "ಬಂದಿವ್ನಿ ಅಂತ ಬರ್ಕಳಪ್ಪ," ಎಂದು ರಸ್ತೆಗೆ ಕೇಳುವಂತೆ ಹೇಳಿದರಂತೆ. ಆ ದನಿಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದೇನೋ! ಅಕ್ಕಿ ಗಿರಣಿಯಲ್ಲೂ ಧೂಳಿತ್ತು, ಸದ್ದಿತ್ತು, ನನ್ನ ಮೇಜಿಗೊಂದು ಕಿಟಕಿಯಿತ್ತು. ತಮ್ಮ ಎಂದು ಕರೆಯುವವರು ಇರಲಿಲ್ಲ.

ಒಂದು ಸಲ ಹೋಗಿ ಬರಬೇಕು ಅಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆದೆ. ಅಕ್ಕನಿಗೆ ಕೆಮ್ಮು ಹಿಡಿದದ್ದೂ, ಅದು ಎದೆಗಿಳಿದು ಅವರು ಹಾಸಿಗೆ ಹಿಡಿದದ್ದೂ ನನಗೆ ಗೊತ್ತಾಗಲಿಲ್ಲ. ಕೆ.ಆರ್. ಪೇಟೆಯ ಬಸ್ ಸ್ಟಾಂಡಿನಲ್ಲಿ ಸಿಕ್ಕಿದ ಹಳೆಯ ಗಿರಣಿಯವನೊಬ್ಬ ಹೇಳಿದಾಗ ಅವರು ಹೋಗಿ ಇಪ್ಪತ್ತು ದಿನವಾಗಿತ್ತು.

ಮರುದಿನವೇ ಕ್ಯಾತನಹಳ್ಳಿಗೆ ಹೋದೆ. ಅಕ್ಕನ ಗಂಡ ಜಗುಲಿಯ ಮೇಲೆ ಕೂತಿದ್ದರು. ಯಾರೆಂದು ಹೇಳಿದೊಡನೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ಅಷ್ಟೊರ್ಸ ಯಾಕಪ್ಪ ಬರ್ನಿಲ್ಲ?" ಎಂದು ಕೇಳಿದರು.

ರಜಾ ಸಿಗಲಿಲ್ಲ ಎಂಬ ಮಾತು ತುದಿನಾಲಗೆಗೆ ಬಂದಿತ್ತು. ಆ ಮನೆಯ ಜಗುಲಿಯ ಮೇಲೆ ಕೂತು ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. "ಅಕ್ಕನಿಗೆ ತೋರಿಸೋ ಮುಖ ಇರಲಿಲ್ಲ," ಎಂದೆ.

ಅವರು ಹೇಳಿದರು: "ಅವ್ಳು ಆ ಮುಖ ನೋಡ್ಬೇಕು ಅಂತ್ಲೇ ತಾನೆ, ಕೊನೇಗಂಟ ತಮ್ಮ ಬಂದ್ನಾ ಅಂತ ಕೇಳ್ತಿದ್ದುದ್ದು."